ಅಪ್ಪನ ‘ಹಾಕ್’ ಮತ್ತು ಎಡಗೈಯವನ ಓಟ

ನಮ್ಮ ನಾಸಿಕದ ಬ್ಯಾಸ್ಕೆಟ್‌ಬಾಲ್ ತಂಡ ನೆಟ್ಟಗೆ ಕೆಟ್ಟ ತಂಡವಾಗಿದ್ದರೆ ನನ್ನ ದಿನಚರಿ ಇಷ್ಟು ದಪ್ಪವಾಗುತ್ತಿರಲಿಲ್ಲ. ಕೆಟ್ಟ ತಂಡದ ಬಗ್ಗೆ ಒಂದು ಸಾಲು ಬರೆದು ಮಲಗಿಬಿಡಬಹುದು. ಇವರು ಹಾಗಲ್ಲ. ಪಟ್ಟಿಯಲ್ಲಿ ಮೊದಲಿರುವ ತಂಡವನ್ನು ಗುರುವಾರ ಅಂಗಳದ ತುಂಬ ಓಡಾಡಿಸಿ ಸೋಲಿಸುತ್ತಾರೆ. ಭಾನುವಾರ, ಅಲ್ಲಿಯವರೆಗೆ ಒಂದೂ ಆಟ ಗೆಲ್ಲದ ತಂಡವೊಂದು ಬಂದು, ಇವರೆದುರು ಮೊದಲ ಗೆಲುವು ಕಂಡು, ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತದೆ. ಆ ಭಾನುವಾರದ ಪುಟದಲ್ಲಿ ನಾನು ಬರೆದದ್ದು ಇಷ್ಟೇ: ‘ಎದುರಾಳಿಗಳಿಗೆ ಬಹಳ ಸಂತೋಷವಾಯಿತು. ನಮ್ಮವರು ಯಾರ ಮನಸ್ಸನ್ನೂ ನೋಯಿಸುವವರಲ್ಲ.’

ನಾನು ಸಂಭಾಜಿನಗರದ ಹೊರಗಿನ ವಾಳೂಜ್‌ನ ಒಂದು ಬಿಡಿಭಾಗಗಳ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ವಾರವಿಡೀ ಸಂಭಾಜಿನಗರದಲ್ಲಿ, ಚಿಕಲಠಾಣಾದ ಸೋದರಮಾವನ ಮನೆಯಲ್ಲಿರುತ್ತೇನೆ. ರಜೆ ಬಂದರೆ ನಾಸಿಕಕ್ಕೆ, ದೇವಳಾಲಿ ಕ್ಯಾಂಪಿನ ನಮ್ಮ ಮನೆಗೆ ಹೋಗುತ್ತೇನೆ. ರಜೆಯಿಲ್ಲದ ದಿನದ ಆಟಗಳನ್ನು ಮೊಬೈಲಿನಲ್ಲಿ ನೋಡುತ್ತೇನೆ. ಯಂತ್ರದಿಂದ ಬಂದ ತುಂಡನ್ನು ಅಳೆಯುವುದು, ಸರಿಯಿದ್ದರೆ ಈ ಖಾನೆಯಲ್ಲಿ ಒಂದು ಗೀಟು, ಇಲ್ಲದಿದ್ದರೆ ಆ ಖಾನೆಯಲ್ಲಿ ಒಂದು ಗೀಟು, ಐದನೆಯದಕ್ಕೆ ಅಡ್ಡಗೀಟು. ಇದೇ ನನ್ನ ನೌಕರಿ. ಪ್ರತಿ ಸಲವೂ ತಪ್ಪು ಮಾಡುವ ಯಂತ್ರಕ್ಕೆ ನಾವು ಹೆದರುವುದಿಲ್ಲ. ಅದನ್ನು ಬಿಚ್ಚಿ ರಿಪೇರಿ ಮಾಡುತ್ತಾರೆ. ಮೂರು ಸಲ ಕನ್ನಡಿಯಂಥ ತುಂಡು ಕೊಟ್ಟು ನಾಲ್ಕನೆಯದಕ್ಕೆ ಮೂತಿ ಸೊಟ್ಟಗೆ ಮಾಡುವ ಯಂತ್ರವೇ ಜೀವ ತಿನ್ನುವುದು. ಆಗ ನಾವು ಒಂದೇ ಪ್ರಶ್ನೆ ಕೇಳುತ್ತೇವೆ: ಕೆಟ್ಟ ತುಂಡು ಬಂದಾಗ ಅಲ್ಲಿ ಏನು ಬೇರೆಯಾಗಿತ್ತು? ಅದೇ ಪ್ರಶ್ನೆಯನ್ನು ನಾನು ನಮ್ಮ ತಂಡಕ್ಕೂ ಕೇಳಿದೆ. ಅಲ್ಲಿಂದಲೇ ತಕರಾರು ಶುರುವಾಯಿತು.

ಅಪ್ಪ ಬೀದರ್ ಜಿಲ್ಲೆಯವರು. ದೇವಳಾಲಿ ಕ್ಯಾಂಪಿನಲ್ಲಿ ಅವರದೊಂದು ಸಣ್ಣ ಅಂಗಡಿಯಿದೆ. ಸೈನಿಕರಿಗೆ ಬೇಕಾದ ಟ್ರಂಕು, ಬೆಲ್ಟು, ಬೂಟ್ ಪಾಲಿಶ್ ಮಾರುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಒಬ್ಬರ ಜೊತೆ ಮರಾಠಿ, ಇನ್ನೊಬ್ಬರ ಜೊತೆ ಹಿಂದಿ. ಕನ್ನಡ ಮನೆಯಲ್ಲಿ ಮಾತ್ರ, ಅದೂ ಊಟಕ್ಕೆ ಕೂತಾಗ, ಮೆಲ್ಲಗೆ. ಅಂಗಡಿಯಲ್ಲಿ ಅವರು ದನಿ ಎತ್ತಿದ್ದನ್ನು ನಾನು ಕೇಳಿಲ್ಲ. ಆದರೆ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ, ರಿಂಗಿನ ಹಿಂದಿನ ಮೊದಲ ಸಾಲಿನಲ್ಲಿ ಕೂತರೆಂದರೆ ಅವರು ಬೇರೆಯೇ ಮನುಷ್ಯ. ಇಪ್ಪತ್ತು ವರ್ಷ ಬಾಯೊಳಗೇ ಮಡಚಿಟ್ಟಿದ್ದ ಕನ್ನಡವೆಲ್ಲ ಆಗ ಹೊರಗೆ ಬರುತ್ತಿತ್ತು.

ನಮ್ಮ ತಂಡದಲ್ಲೊಬ್ಬ ಎಡಗೈ ಆಟಗಾರನಿದ್ದಾನೆ. ನಾಸಿಕದ ಹತ್ತಿರದ ಹಳ್ಳಿಯ ಹುಡುಗ. ದೂರದಿಂದ ಚೆಂಡೆಸೆದರೆ ರಿಂಗಿಗೆ ತಾಕದೆ ಬಲೆಯೊಳಕ್ಕೆ ಜಾರುತ್ತದೆ. ಅಂಥವನು, ಎದುರಿಗೆ ಯಾರೂ ಇಲ್ಲದೆ ಆರಾಮಾಗಿ ಎಸೆಯಬಹುದಾದ ಹೊತ್ತಿನಲ್ಲಿ, ಇದ್ದಕ್ಕಿದ್ದಂತೆ ಚೆಂಡು ಬಡಿಯುತ್ತ ಮೂವರು ದಢೂತಿ ಎದುರಾಳಿಗಳ ನಡುವೆ ನುಗ್ಗಿ ಚೆಂಡು ಕಳೆದುಕೊಳ್ಳುತ್ತಿದ್ದ. ಅಪ್ಪ ಎದ್ದು ನಿಲ್ಲುತ್ತಿದ್ದರು.

“ಹಾಕ್! ಹಾಕಲೇ! ಕೈಯಾಗ ಹಿಡ್ಕೊಂಡು ಪೂಜಾ ಮಾಡ್ಲತ್ತಿ ಏನು? ಹಾಕ್, ಹಾಕ್! ... ಅಯ್ಯ ಕತ್ತಿ, ಎಲ್ಲಿಗ್ ಹೊಂಟಿಯೋ!”

ಹನ್ನೊಂದು ಆಟಗಳಾದ ಮೇಲೆ ನಾನು ಗೀಟುಗಳನ್ನು ಕೂಡಿಸಿದೆ. ಎಡಗೈಯವನು ಚೆನ್ನಾಗಿ ಆಡಿದ ದಿನ ಏನು ಬೇರೆಯಿತ್ತು? ನೆಲ ಅದೇ, ಚೆಂಡು ಅದೇ. ಎದುರಾಳಿ ಬಲಿಷ್ಠರೋ ಅಲ್ಲವೋ ಎಂಬುದಕ್ಕೂ ಸೋಲು ಗೆಲುವಿಗೂ ತಾಳೆಯಾಗಲಿಲ್ಲ. ತಾಳೆಯಾದದ್ದು ಒಂದೇ ಖಾನೆ. ಅಪ್ಪ ಅಂಗಡಿ ಬಿಟ್ಟು ಬಂದಿದ್ದ ಆಟಗಳು ಆರು, ಅದರಲ್ಲಿ ಐದು ಸೋಲು. ಅಪ್ಪ ಬಾರದ ಆಟಗಳು ಐದು, ಅದರಲ್ಲಿ ನಾಲ್ಕು ಗೆಲುವು.

ಇದನ್ನು ನನ್ನಲ್ಲೇ ಇಟ್ಟುಕೊಳ್ಳಬೇಕಿತ್ತು. ಆದರೆ ಅಷ್ಟು ಚೆಂದ ಕೂಡಿದ ಲೆಕ್ಕವನ್ನು ಮುಚ್ಚಿಡುವ ಗುಣ ನನಗಿಲ್ಲ. ಅಪ್ಪ, ಅಮ್ಮ ಚಿಕಲಠಾಣಾಕ್ಕೆ ಬಂದಿದ್ದ ಒಂದು ಭಾನುವಾರ, ಮಧ್ಯಾಹ್ನ ಊಟ ಮಾಡುತ್ತ ಎಲ್ಲರ ಮುಂದೆ ಓದಿಬಿಟ್ಟೆ. ಮಾವ ತಟ್ಟೆ ಪಕ್ಕಕ್ಕೆ ಸರಿಸಿದರು. ತಮ್ಮ ಅಕ್ಕನ ಗಂಡನಾದ ಅಪ್ಪನನ್ನು ಅವರು ಇಲ್ಲಿಯ ಮರಾಠಿಗರಂತೆ ದಾಜಿ ಎಂದೇ ಕರೆಯುವುದು.

“ದಾಜಿ, ಒಂದ್ ಮಾತ್ ಹೇಳ್ತೀನಿ, ಸಿಟ್ಟ್ ಮಾಡ್ಕೋಬ್ಯಾಡ್ರಿ. ನೀವೇ ಪನೌತಿ ಅದೀರಿ ನೋಡ್ರಿ.”

ಪನೌತಿ ಎಂದರೆ ಕಾಲಿಟ್ಟಲ್ಲಿ ಕೆಲಸ ಕೆಡಿಸುವವನು. ಅಪ್ಪ ನಕ್ಕರು. “ಏ, ಒಂದ್ ಗೆದ್ದಾರಲ್ಲಪಾ, ನಾ ಇದ್ದಾಗ?”

ಮಾವ ನನ್ನ ಕಡೆ ತಿರುಗಿದರು. “ಅದೆಂಗವ್ವಾ?”

ನಾನು ಪುಟ ತಿರುವಿ ಇದ್ದದ್ದನ್ನು ಇದ್ದಂತೆ ಓದಿದೆ. ಆ ದಿನ ನಮ್ಮವರು ಮುಂದೆ ಹೋದದ್ದು ಆಟದ ನಾಲ್ಕು ಪಾಳಿಗಳಲ್ಲಿ ಮೂರನೆಯದರಲ್ಲಿ. ಆಗ ಅಪ್ಪ ಚಹಾ ತರಲು ಹೋಗಿದ್ದರು. ಕ್ಯೂ ಉದ್ದವಿತ್ತು.

“ಚಹಾಕ್ಕ ಹೋದ್ರ ಗೈರುಹಾಜರಿ!” ಮಾವ ತೀರ್ಪು ಕೊಟ್ಟರು. “ಬರ್ಕೋವ್ವಾ. ಐದಕ್ಕ ಐದೂ ಹೋದ್ವು.”

ಎಲ್ಲರೂ ನಕ್ಕೆವು. ಅಪ್ಪ ಮಾತ್ರ ಎರಡನೇ ಸಲ ನಗಲಿಲ್ಲ. ನಾನು ಅದನ್ನು ಗಮನಿಸಿದೆ, ಆದರೆ ಎಲ್ಲಿಯೂ ಬರೆಯಲಿಲ್ಲ.

ಮುಂದಿನ ವಾರ ನಾಸಿಕದಲ್ಲಿ ಆಟವಿದ್ದಾಗ ಅಪ್ಪ ಬರಲಿಲ್ಲ. “ಅಂಗಡಿಯಾಗ ಕೆಲಸ ಅದವ್ವಾ” ಎಂದರು. ತಂಡ ಗೆದ್ದಿತು. ಅದರ ಮುಂದಿನ ಆಟಕ್ಕೂ ಬರಲಿಲ್ಲ. ಆಟಕ್ಕೆ ಹೊರಡುವ ಮುಂಚೆ ಅಮ್ಮ ನನ್ನನ್ನು ಅಡುಗೆಮನೆಗೆ ಕರೆದರು.

“ಏನ್ ಓದಿದ್ಯವ್ವಾ ಅವತ್ತು? ಮೊಬೈಲಿನಾಗ ಆಟ ನೋಡ್ತಾರ, ಆವಾಜ್ ಬಂದ್ ಮಾಡಿ. ಬಾಯಿ ಮ್ಯಾಲ ಕೈ ಇಟ್ಕೊಂಡ್ ಕುಂದರ್ತಾರ. ಇಲ್ಲಿಂದ ಮಾತಾಡಿದ್ರೂ ಅವ್ರು ಸೋಲ್ತಾರಂತ.”

ಇಡೀ ವಾರದಲ್ಲಿ ಆ ಮನುಷ್ಯ ಬಾಯಿ ತುಂಬ ಕೂಗಿಕೊಳ್ಳುವ ಜಾಗ ಅದೊಂದೇ ಇತ್ತು. ನಾಲ್ಕು ಗೀಟು, ಒಂದು ಅಡ್ಡಗೀಟು ಹಾಕಿ ಅದಕ್ಕೂ ಬೀಗ ಜಡಿದವಳು ನಾನು.

ಕಾರ್ಖಾನೆಯಲ್ಲಿ ನಮಗೆ ಕಲಿಸುವ ಮೊದಲ ಪಾಠವನ್ನೇ ನಾನು ಮರೆತಿದ್ದೆ. ಎರಡು ಖಾನೆ ಹೊಂದಿಕೊಂಡವು ಅಂದಮಾತ್ರಕ್ಕೆ ಕಾರಣ ಸಿಕ್ಕಿತು ಅಂತಲ್ಲ, ಯಂತ್ರದ ಹತ್ತಿರ ಹೋಗಿ ನೋಡಬೇಕು. ಅಪ್ಪ ಇಲ್ಲದ ಆ ಎರಡನೇ ಆಟವನ್ನೂ ತಂಡ ಗೆದ್ದಿತು. ಎಡಗೈಯವನು ದೂರದಿಂದಲೇ ಎಸೆದೆಸೆದು ಕುಣಿಸಿದ. ಆಟ ಮುಗಿದ ಮೇಲೆ ಜನ ಅವನ ಜೊತೆ ಫೋಟೊ ತೆಗೆಸಿಕೊಳ್ಳಲು ಸಾಲು ನಿಂತರು. ನಾನೂ ನಿಂತೆ. ನನ್ನ ಸರದಿ ಬಂದಾಗ ಫೋಟೊ ಬಿಟ್ಟು ಪ್ರಶ್ನೆ ಕೇಳಿದೆ. ಕೆಲವು ದಿನ ಹೀಗೆ ಎಸೆಯುತ್ತೀಯ, ಕೆಲವು ದಿನ ಯಾಕೆ ಎಸೆಯದೆ ಒಳಗೆ ನುಗ್ಗುತ್ತೀಯ?

ಅವನು ಬೆವರು ಒರೆಸಿಕೊಂಡು ನಾಚಿದ. ಮರಾಠಿಯಲ್ಲಿ ಅವನು ಹೇಳಿದ್ದು ಹೀಗೆ: “ರಿಂಗಿನ ಹಿಂದೆ ಒಬ್ಬ ಕಾಕಾ ಕೂರುತ್ತಾರೆ. ಈಗ ಎರಡು ಆಟದಿಂದ ಕಾಣಿಸುತ್ತಿಲ್ಲ. ಅವರ ದನಿಯ ಮುಂದೆ ಕೋಚ್ ದನಿ ಕೇಳಿಸುವುದೇ ಇಲ್ಲ. ನಾನು ಎಸೆಯಬೇಕು ಅನ್ನುವಷ್ಟರಲ್ಲಿ ಅವರು ‘ಹಾಕ್, ಹಾಕ್’ ಅಂತ ಕೂಗುತ್ತಾರೆ. ನಮ್ಮ ಮನೆಯಲ್ಲಿ ಎತ್ತಿನಗಾಡಿ ಇತ್ತು, ಅಕ್ಕಾ. ಅಜ್ಜ ಹಿಂದೆ ಕೂತು ಹಾಗೇ ಕೂಗುತ್ತಿದ್ದರು. ಆ ಮಾತು ಕೇಳಿದರೆ ನನ್ನ ಕಾಲು ತಾವೇ ಓಡುತ್ತವೆ.”

ಮರಾಠಿಯಲ್ಲಿ ‘ಹಾಕ್’ ಎಂದರೆ ಗಾಡಿ ಹೊಡೆ, ಓಡಿಸು. ಅಪ್ಪ ಕನ್ನಡದಲ್ಲಿ ಎಸೆ ಎನ್ನುತ್ತಿದ್ದರು. ಹುಡುಗ ಮರಾಠಿಯಲ್ಲಿ ಓಡುತ್ತಿದ್ದ. ಪಾಪ, ಇಬ್ಬರೂ ಒಬ್ಬರಿಗೊಬ್ಬರು ಎಷ್ಟು ವಿಧೇಯರಾಗಿದ್ದರು!

“ಆ ಕಾಕಾ ನನ್ನಪ್ಪ” ಎಂದೆ. “ಅವರು ಮಾತಾಡುವುದು ಕನ್ನಡ. ಅವರ ‘ಹಾಕ್’ ಅಂದರೆ ನಿಮ್ಮ ‘ಟಾಕ್’. ಎಸೆ ಅಂತ.”

ಅವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಆಮೇಲೆ ಕೇಳಿದ, “ಮತ್ತೆ ‘ಕತ್ತಿ’ ಅಂತಾರಲ್ಲ, ಅದೇನು?”

ನಮ್ಮ ಬೀದರ್ ಕಡೆ ಕತ್ತೆಗೆ ಕತ್ತಿ ಎನ್ನುತ್ತಾರೆ. ಪುಸ್ತಕದ ಕನ್ನಡದಲ್ಲಿ ಕತ್ತಿ ಎಂದರೆ ಬೇರೆ. ನಾನು ಪುಸ್ತಕವನ್ನೇ ನಂಬಿದೆ. “ತಲವಾರ್” ಎಂದೆ. ಅವನ ಎದೆ ಎರಡು ಇಂಚು ಉಬ್ಬಿತು.

ಮನೆಗೆ ಹೋಗಿ ಹೇಳಿದಾಗ ಅಪ್ಪ ಮೊಬೈಲನ್ನು ಪಕ್ಕಕ್ಕಿಟ್ಟರು.

“ಅಂದ್ರ, ಇಷ್ಟ್ ದಿನ ನಾ ಎತ್ತ್ ಹೊಡಿಲತ್ತಿದ್ದೆ ಏನು?”

“ಹೌದ್ರಿ ಅಪ್ಪಾ.”

“ದಿನಾ ಅಂಗಡಿಯಾಗ ಟಾಕ್ ಟಾಕ್ ಅಂತೀನಲ್ಲ ನಾ! ಟ್ರಂಕ್ ಇಕಡೆ ಟಾಕ್, ಚಾದರ್ ತಿಕಡೆ ಟಾಕ್. ಅಲ್ಲಿ ಹ್ಯಾಂಗ್ ಮರ್ತೆ?”

“ಅಲ್ಲಿ ನಿಮಗ ಮರಾಠಿ ಬರಂಗಿಲ್ರಿ.”

ಆದರೂ ಅವರು ಬರಲು ಒಪ್ಪಲಿಲ್ಲ. ಪನೌತಿ ಎಂಬ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಸೆಮಿಫೈನಲ್ ಆಡುವ ನಾಲ್ಕು ತಂಡಗಳಲ್ಲಿ ಸೇರಬೇಕಾದರೆ ನಮ್ಮವರು ಸಂಭಾಜಿನಗರದಲ್ಲಿ ನಡೆಯುವ ಆಟ ಗೆಲ್ಲಲೇಬೇಕಿತ್ತು. ನಾನು ದಿನಕ್ಕೆರಡು ಸಲ ಫೋನ್ ಮಾಡಿದೆ. ಕೊನೆಗೆ ಮಾವ ಫೋನ್ ಕಸಿದುಕೊಂಡು, “ಬರ್ರಿ ದಾಜಿ, ಒಂದ್ ಛಾನ್ಸ್ ತಗೋರಿ. ಗೆದ್ರ ನೀವು ಸ್ವಚ್ಛ. ಸೋತ್ರ ಮತ್ತ ಅಂಗಳದ ಕಡೆ ಮುಖ ಹಾಕಬಾರ್ದು. ಕಬೂಲ್?” ಎಂದರು. ಅತ್ತ ಕಡೆಯಿಂದ ಅಪ್ಪ, “ಕಬೂಲ್” ಎಂದರು.

ಭಾನುವಾರ ಬೆಳಗಿನ ರೈಲಿಗೆ ಬಂದರು. ದಾರಿಯುದ್ದಕ್ಕೂ ತುಟಿಯಲ್ಲೇ ‘ಟಾಕ್, ಟಾಕ್’ ಅಭ್ಯಾಸ ಮಾಡಿದರಂತೆ. ಎದುರು ಸೀಟಿನವರು ಯಾವುದೋ ಮಂತ್ರವೆಂದು ತಿಳಿದು ಕಾಲು ಮಡಚಿಕೊಂಡು ಕೂತರಂತೆ.

ಅಂಗಳದಲ್ಲಿ ರಿಂಗಿನ ಹಿಂದೆ ಅಪ್ಪ, ಅವರ ಈ ಬದಿ ನಾನು, ಆ ಬದಿ ಮಾವ. ಮೊದಲ ಎರಡು ಪಾಳಿ ಅಪ್ಪ ಕೈಕಟ್ಟಿ ಕೂತರು. ನಮ್ಮವರು ಹದಿನಾಲ್ಕು ಅಂಕ ಮುಂದಿದ್ದರು. ಮೂರನೆಯದರಲ್ಲಿ ಆ ಹದಿನಾಲ್ಕನ್ನೂ ಪಾನ್ ಹಂಚಿದಂತೆ ಹಂಚಿಬಿಟ್ಟರು. ಅಪ್ಪನ ಮೊಣಕಾಲು ಕುಣಿಯಲು ಶುರುವಾಯಿತು. ನಾಲ್ಕನೆಯದರಲ್ಲಿ ಎಡಗೈಯವನು ಬಂದ ಪಾಸನ್ನೇ ಕೈಬಿಟ್ಟಾಗ ತಡೆಯದೆ, “ಲೇ ಕತ್ತಿ!” ಎಂದು ಕೂಗಿದರು. ಹುಡುಗ ನಮ್ಮ ಕಡೆ ನೋಡಿ, ಎದೆ ಮೇಲೆ ಕೈಯಿಟ್ಟು ತಲೆಬಾಗಿದ.

“ಬೈದ್ರ ನಮಸ್ಕಾರ ಮಾಡ್ತಾನಲ್ಲ!” ಅಪ್ಪ ಬೆರಗಾದರು. ನಾನು ದಿನಚರಿಯಲ್ಲಿ ಮುಖ ಹುದುಗಿಸಿದೆ.

ಕೊನೆಯ ಆರು ಸೆಕೆಂಡು. ನಾವು ಒಂದು ಅಂಕ ಹಿಂದೆ. ಚೆಂಡು ಎಡಗೈಯವನ ಹತ್ತಿರ, ಮೂರಂಕದ ಗೆರೆಯ ಹೊರಗೆ. ಎದುರಿಗೆ ಯಾರೂ ಇಲ್ಲ. ಅಪ್ಪ ಎದ್ದರು. ನಾನು ಅವರ ತೋಳು ಹಿಡಿದೆ. “ಟಾ...” ಎಂದು ಬಾಯಿ ತೆರೆದರು, ಮುಂದಕ್ಕೆ ಬರಲಿಲ್ಲ. ಆಮೇಲೆ ಬಂದದ್ದು ಬೀದರ್‌ನಿಂದ ನೇರವಾಗಿ ಬಂತು.

“ಹಾಕಲೇ!”

ಹುಡುಗನ ಒಂದು ಕಾಲು ಮುಂದಕ್ಕೆ ಹಾರಿತು. ಆದರೆ ಅವನು ಆ ಕಾಲನ್ನು ನೆಲಕ್ಕೊತ್ತಿ ನಿಂತ. ಒಂದೇ ಒಂದು ಕ್ಷಣ ಅಪ್ಪನ ಕಡೆ ನೋಡಿದ. ಎಸೆದ.

ಚೆಂಡು ಎತ್ತರಕ್ಕೆ ಹೋಯಿತು, ಇಳಿಯಿತು, ರಿಂಗಿನ ಅಂಚಿನ ಮೇಲೆ ಸಮಾಧಾನವಾಗಿ ಎರಡು ಸುತ್ತು ಹಾಕಿತು, ಮತ್ತು ಹೊರಗೆ ಬಿತ್ತು. ಸೀಟಿ ಊದಿದರು. ಸೋತೆವು.

ನಾನು ಅಪ್ಪನ ಮುಖ ನೋಡಲು ಹೆದರಿದೆ. ಮಾವ ನಿಧಾನವಾಗಿ ಎದ್ದು ಗಂಟಲು ಸರಿಮಾಡಿಕೊಂಡರು. “ದಾಜಿ, ನಮ್ಮ ಮಾತು ನೆಪ್ಪದಲ್ರಿ?”

ಅಪ್ಪ ಮಾವನ ಹೆಗಲು ಹಿಡಿದು ಅಲುಗಾಡಿಸಿದರು. ಕಣ್ಣು ಹೊಳೆಯುತ್ತಿದ್ದವು.

“ನೋಡ್ದಿಲ್ಲೋ? ನಾ ಹಾಕ್ ಅಂದೆ, ಅಂವ ಹಾಕ್ದ! ಓಡ್ಲಿಲ್ಲ, ಹಾಕ್ದ! ನನ್ನ ಕೆಲಸ ಅಲ್ಲಿಗಿ ಮುಗೀತು. ಬೀಳ್ಸೋದು ಅವಂದು ಕೆಲಸ, ಅದು ಅವನಿಗಿ ಬರಂಗಿಲ್ಲ. ಸೋಲೋದು ಇವ್ರ ಸ್ವಂತ ಕಲೆ ಅದಪಾ! ಇದ್ರಾಗ ನಂದೇನೂ ಇಲ್ಲ!”

“ಆದ್ರೂ ಸೋತಾರಲ್ರಿ...”

“ಸೋತಾರ! ತಮ್ಮ ಕೈಯಿಂದ ಸೋತಾರ! ನಾ ಪನೌತಿ ಆಗಿದ್ರ ಅಂವ ಎಸಿತಿದ್ದಿಲ್ಲ.”

ಮಾವ ನನ್ನ ಕಡೆ ನೋಡಿದರು. ತಪಾಸಣೆ ವಿಭಾಗದ ಅಭಿಪ್ರಾಯ ಬೇಕಿತ್ತು. “ನುಗ್ಗಿ ಚೆಂಡು ಕಳ್ಕೊಂಡಿದ್ರ ಅಪ್ಪನ ಮ್ಯಾಲ ಹಾಕಬಹುದಿತ್ರಿ, ಮಾವ. ಇದು ತಂಡದ್ದೇ ತಪ್ಪು” ಎಂದೆ. ಮಾವ ಇನ್ನೇನೋ ಹೇಳಲು ಹೊರಟರು, ಆದರೆ ಅಪ್ಪ ಅಲ್ಲಿರಲಿಲ್ಲ. ಅಂಗಳದ ಅಂಚಿನ ಕಂಬಿಯ ಹತ್ತಿರ ಹೋಗಿ ಹುಡುಗನನ್ನು ಕರೆದು, ಎಸೆಯುವಾಗ ಮೊಣಕಾಲು ಎಷ್ಟು ಬಗ್ಗಿಸಬೇಕೆಂದು ತಾವೇ ಬಗ್ಗಿ ತೋರಿಸುತ್ತಿದ್ದರು, ಶುದ್ಧ ಕನ್ನಡದಲ್ಲಿ. ಹುಡುಗ ಗಂಭೀರವಾಗಿ ತಲೆಯಾಡಿಸುತ್ತಿದ್ದ.

ವಾಪಸು ಬಂದಾಗ ಅಪ್ಪನ ದನಿ ಪೂರ್ತಿ ಒಡೆದುಹೋಗಿತ್ತು. ಮುಂದಿನ ಆಟ ಯಾವಾಗ ಎಂದು ಕೇಳಿದರು. ಒಂದೇ ಉಳಿದಿತ್ತು. ಐದನೇ ಸ್ಥಾನಕ್ಕಾಗಿ, ನಾಸಿಕದಲ್ಲಿ, ಆಟಗಾರರ ಮನೆಯವರೂ ಬರುವುದು ಅನುಮಾನವಾದಂಥ ಆಟ.

“ನಾಕಕ್ಕ ಅದ್ರಿ” ಎಂದೆ.

“ಹಂಗಾದ್ರ ಮೂರಕ್ಕೇ ಹೋಗಾಣ” ಎಂದರು ಅಪ್ಪ. “ಇಂಥವ್ರಿಗಿ ಯಾರರೆ ಬೈಯೋರು ಬೇಕಿಲ್ಲೇನು?”