ಹಾವಿಲ್ಲದ ದ್ವೀಪ ಮತ್ತು ನಮ್ಮ ನಾಗಶ್ರೀ

ಆರು ವರ್ಷದ ಮಗುವಿಗೆ ಹಬ್ಬವೊಂದನ್ನು ವಿವರಿಸುವುದು ಸುಲಭ ಎನ್ನುವವರು ಆರು ವರ್ಷದ ಮಗುವಿನ ಜೊತೆ ಒಂದು ಮಧ್ಯಾಹ್ನವನ್ನೂ ಕಳೆದಿರಲಾರರು. ನಮ್ಮದೇ ಹಬ್ಬವಾದರೆ ಹೇಗೋ ಪಾರಾಗಬಹುದು. ಯುಗಾದಿಗೆ ಬೇವು ಯಾಕೆ ಎಂದು ಕೇಳಿದರೆ, ಜೊತೆಗೆ ಬೆಲ್ಲ ಸಿಗುತ್ತಲ್ಲ ಎಂದು ಬಾಯಿ ಮುಚ್ಚಿಸಬಹುದು. ನನ್ನ ಪಾಲಿಗೆ ಬಂದದ್ದು ಐರ್ಲೆಂಡಿನ ಹಬ್ಬ. ಅದನ್ನು ನೈರೋಬಿಯಲ್ಲಿ, ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುವ ಮಗಳಿಗೆ ಹೇಳಬೇಕಿತ್ತು. ಆಮೇಲೆ ಅದನ್ನೇ ಮೈಸೂರಿನಿಂದ ನಮ್ಮ ಜೊತೆ ಇರಲು ಬಂದಿದ್ದ ಅತ್ತೆಗೂ ಹೇಳಬೇಕಿತ್ತು.

ನಮ್ಮವರಿಗೆ ರಿವರ್‌ಸೈಡಿನ ಟೆಲಿಕಾಂ ಆಫೀಸಿಗೆ ಪೋಸ್ಟಿಂಗ್ ಆಗಿದ್ದರಿಂದ ನಾವು ನೈರೋಬಿಯ ಲ್ಯಾವಿಂಗ್ಟನ್ ಬಡಾವಣೆಯಲ್ಲಿದ್ದೆವು. ಮಗಳ ಕ್ಲಾಸ್ ಟೀಚರ್ ಮಿಸ್ ನೋರಾ ಐರ್ಲೆಂಡಿನವರು. ಮಾರ್ಚ್ ಬಂತೆಂದರೆ ಅವರ ಕ್ಲಾಸು ಗೋಡೆಯಿಂದ ಪೆನ್ಸಿಲಿನವರೆಗೆ ಹಸಿರಾಗುತ್ತಿತ್ತು. ಅವರ ದೇಶದ ಸಂತನ ಹಬ್ಬವಂತೆ, ವಸಂತವನ್ನು ಬರಮಾಡಿಕೊಳ್ಳುವ ಕಾಲವಂತೆ. ಅತ್ತೆಯ ಪಂಚಾಂಗವೂ ವಸಂತ ಋತು ಬಂತು ಎಂದೇ ಹೇಳುತ್ತಿತ್ತು. ಮಿಸ್ ನೋರಾ ಮತ್ತು ಪಂಚಾಂಗ ಒಪ್ಪಿಕೊಂಡ ಈ ಮಾತನ್ನು ಒಪ್ಪದಿದ್ದದ್ದು ನೈರೋಬಿ ಮಾತ್ರ. ಭೂಮಧ್ಯರೇಖೆಯ ಪಕ್ಕದಲ್ಲಿ ಕೂತಿರುವ ಊರಿಗೆ ವಸಂತದ ಹಂಗೇ ಇಲ್ಲ. ಮಾರ್ಚಿನಲ್ಲಿ ಅದು ಧೂಳು ಹಾರಿಸುತ್ತಾ ಮಳೆಗೆ ಕಾಯುತ್ತಿರುತ್ತದೆ.

ಮೊದಲು ಮನೆಗೆ ಬಂದದ್ದು ಶ್ಯಾಮ್‌ರಾಕ್, ಕಾಗದದಲ್ಲಿ ಕತ್ತರಿಸಿದ ಮೂರು ದಳದ ಹಸಿರು ಎಲೆ. ಸಂತ ಆ ಎಲೆ ತೋರಿಸಿ ತಂದೆ, ಮಗ, ಪವಿತ್ರಾತ್ಮ ಮೂರೂ ಒಂದೇ ಎಂದು ಜನಕ್ಕೆ ತಿಳಿಹೇಳಿದನಂತೆ. ಮಗಳು ಅದನ್ನು ಫ್ರಿಜ್ಜಿಗೆ ಅಂಟಿಸಿದ್ದಳು. ಮರುದಿನ ನೋಡಿದರೆ ಅದು ದೇವರ ಗೂಡಿನಲ್ಲಿ ಈಶ್ವರನ ಫೋಟೋದ ಮೇಲಿದೆ. "ಬಿಲ್ವಪತ್ರೆ ಮಾಡ್ಕೊಂಡು ಬಂದಿದೆ ಮಗು, ಅದನ್ನ ಹಾಲಿನ ಡಬ್ಬದ ಬಾಗಿಲಿಗೆ ಅಂಟಿಸ್ತಾರಾ?" ಎಂದರು ಅತ್ತೆ. ನಾನು ತಿದ್ದಲು ಹೋಗಲಿಲ್ಲ. ಕಾಗದದ ಎಲೆಗೆ ಎರಡು ಧರ್ಮಗಳ ಭಾರ ಹೆಚ್ಚಾಗಲಿಲ್ಲ.

ಆಮೇಲೆ ಬಂದವನು ಲೆಪ್ರಕಾನ್. ಹಸಿರು ಕೋಟಿನ, ಗಡ್ಡದ, ಮೊಣಕಾಲೆತ್ತರದ ಕುಳ್ಳ. ವೃತ್ತಿಯಿಂದ ಚಪ್ಪಲಿ ಹೊಲಿಯುವವನು. ಆದರೆ ಕಾಮನಬಿಲ್ಲಿನ ಬುಡದಲ್ಲಿ ಒಂದು ಕೊಪ್ಪರಿಗೆ ಚಿನ್ನ ಇಟ್ಟುಕೊಂಡಿರುತ್ತಾನೆ. ಕಣ್ಣು ಮಿಟುಕಿಸಿದರೆ ಮಾಯ. ಚಪ್ಪಲಿ ಹೊಲಿದು ಅಷ್ಟು ಚಿನ್ನ ಹೇಗೆ ಮಾಡಿದ ಎಂಬ ನನ್ನ ಪ್ರಶ್ನೆಗೆ ಮಗಳು "ಅಮ್ಮಾ, ಇಟ್ಸ್ ಮ್ಯಾಜಿಕ್" ಎಂದು ಮಾತು ಮುಗಿಸಿದಳು.

ಇಲ್ಲಿಯವರೆಗೆ ಎಲ್ಲ ಸರಿಯಿತ್ತು. ತೊಂದರೆ ತಂದದ್ದು ಹಾವು. ಆ ಸಂತ ಐರ್ಲೆಂಡಿನ ಹಾವುಗಳನ್ನೆಲ್ಲ ಸಮುದ್ರಕ್ಕೆ ಅಟ್ಟಿದನಂತೆ. ಅದನ್ನೇ ನಾಟಕ ಮಾಡಿಸುತ್ತೇವೆಂದು ಮಿಸ್ ನೋರಾ ಹೇಳಿದ ದಿನವೇ, ಅವರವರ ಹೆಸರಿನ ಅರ್ಥ ಹೇಳಿ ಎಂದು ಮಕ್ಕಳನ್ನು ಕೇಳಿದ್ದಾರೆ. ನನ್ನ ಮಗಳು ಎದ್ದು ನಿಂತು ಅಜ್ಜಿ ಹೇಳಿಕೊಟ್ಟಂತೆ, ನಾಗ ಅಂದರೆ ಹಾವು ಎಂದು ಹೆಮ್ಮೆಯಿಂದ ಹೇಳಿದ್ದಾಳೆ. ಮಿಸ್ ನೋರಾ ಏನೂ ಕೆಟ್ಟದ್ದೆಣಿಸದೆ, ಎಷ್ಟು ಚೆನ್ನಾಗಿದೆ, ಹಾಗಾದರೆ ನೀನೇ ದೊಡ್ಡ ಹಾವು ಎಂದಿದ್ದಾರೆ. ಊಟದ ಬಿಡುವಿನ ಹೊತ್ತಿಗೆ ಇಡೀ ಕ್ಲಾಸು ಅವಳನ್ನು "ನ್ಯೋಕಾ" ಎಂದು ಕರೆಯತೊಡಗಿತ್ತು. ಸ್ವಾಹಿಲಿಯಲ್ಲಿ ಹಾವಿಗೆ ಹಾಗೆನ್ನುತ್ತಾರೆ.

ಸ್ಕೂಲ್ ಬಸ್ಸಿನಿಂದ ಇಳಿದವಳು ಬ್ಯಾಗು ಎಸೆದು ಅತ್ತಳು. "ಐ ವಾಂಟ್ ಎ ನ್ಯೂ ನೇಮ್, ಅಮ್ಮಾ. ಐ ವಾಂಟ್ ಎಮ್ಮಾ. ನಾನು ನಾಟಕಕ್ಕೆ ಹೋಗಲ್ಲ."

ಇಲ್ಲಿ ಒಂದು ಒಳಗಿನ ಮಾತು. ಆ ಹೆಸರು ನನ್ನ ಆಯ್ಕೆಯಲ್ಲ. ನಾನು ಎರಡಕ್ಷರದ, ಯಾವ ದೇಶದಲ್ಲೂ ನಾಲಗೆಗೆ ತೊಡರದ ಹೆಸರೊಂದನ್ನು ಆರಿಸಿಟ್ಟುಕೊಂಡಿದ್ದೆ. ಅತ್ತೆ ಮೊಮ್ಮಗಳಿಗಾಗಿ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತಿದ್ದರು. ತೊಟ್ಟಿಲಿನ ದಿನ ನನಗಿಂತ ಮೊದಲು ಬಗ್ಗಿ ಮಗುವಿನ ಕಿವಿಯಲ್ಲಿ ನಾಗಶ್ರೀ ಎಂದುಬಿಟ್ಟರು. ಹಾಗಾಗಿ ಮಗಳು ಹೊಸ ಹೆಸರು ಕೇಳಿದಾಗ ನನಗೆ ಒಳಗೊಳಗೇ ಚೂರು ಖುಷಿಯಾದದ್ದು ನಿಜ. ಅಷ್ಟರಲ್ಲಿ ಅತ್ತೆ ಕಣ್ಣಿಗೆ ಬಿದ್ದರು. ಸೋಫಾದಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದವರ ಕೈ ನಿಂತಿತ್ತು. ಇಂಗ್ಲಿಷ್ ಬಾರದಿದ್ದರೂ ಅವರಿಗೆ ಅಷ್ಟು ಅರ್ಥವಾಗಿತ್ತು. ನಾನು ಖುಷಿ ನುಂಗಿಕೊಂಡು ಮಗಳ ಮುಂದೆ ಕೂತೆ.

ನನ್ನ ವಿವರಣೆ ಶುರುಮಾಡಿದೆ. ಐರ್ಲೆಂಡಿನಲ್ಲಿ ಹಾವು ಇರಲೇ ಇಲ್ಲ ಪುಟ್ಟಿ, ಹಿಂದೆ ಅಲ್ಲೆಲ್ಲ ಹಿಮ ಇತ್ತು, ಹಿಮ ಕರಗುವಾಗ ಸುತ್ತ ಸಮುದ್ರ ಬಂತು, ಹಾವು ಈಜಿಕೊಂಡು ಹೋಗಲಾಗಲಿಲ್ಲ, ಆದ್ದರಿಂದ ಯಾರೂ ಯಾರನ್ನೂ ಓಡಿಸಿಲ್ಲ. ಅಂತರ್ಜಾಲದಲ್ಲಿ ಆಗ ತಾನೇ ಓದಿದ್ದನ್ನೆಲ್ಲ ಸುರಿದೆ. ಮಗಳು ಮೂಗು ಒರೆಸಿಕೊಂಡು "ದೆನ್ ವೈ ಆಮ್ ಐ ಇನ್ ದಿ ಪ್ಲೇ?" ಎಂದಳು. ವಿಜ್ಞಾನ ಅಲ್ಲಿಗೆ ನಿಂತಿತು.

"ಏನಂತೆ ಸುಮಾ, ಪೂರ್ತಿ ಹೇಳು" ಎಂದರು ಅತ್ತೆ. ಹೇಳಿದೆ. ಸಂತ, ಹಾವು, ಕುಳ್ಳ, ಕೊಪ್ಪರಿಗೆ ಎಲ್ಲವನ್ನೂ. ಅವರು ಅರ್ಧ ಹೊಸೆದ ಬತ್ತಿಯನ್ನು ಪಕ್ಕಕ್ಕಿಟ್ಟರು. ನಾಗಪ್ಪನನ್ನು ಅಟ್ಟಿದವರ ಸ್ಕೂಲಿಗೆ ಮಗುವನ್ನು ಕಳಿಸಬೇಡ ಎನ್ನುತ್ತಾರೆ ಎಂದು ನಾನು ಕಾದೆ.

"ಅಲ್ವೇ, ನಿಧಿ ಕಾಯೋದು ಹಾವಲ್ವಾ?" ಎಂದರು.

"ಅದು ನಮ್ಮಲ್ಲಿ ಅತ್ತೆ."

"ಎಲ್ಲಾ ಕಡೇನೂ ಅಷ್ಟೆ. ಅಲ್ಲೂ ಹಾವೇ ಕಾಯ್ತಿತ್ತು. ಆ ಸ್ವಾಮಿಗಳು ಹಾವನ್ನ ಕಳಿಸಿಬಿಟ್ರು. ಚಿನ್ನ ಹಾಗೇ ಬಿದ್ದಿರುತ್ತಾ? ಚಪ್ಪಲಿ ಹೊಲ್ಕೊಂಡು ತನ್ನ ಪಾಡಿಗೆ ತಾನಿದ್ದ ಆ ಕುಳ್ಳನ ತಲೆಗೆ ಕಟ್ಟಿದ್ರು. ಅಭ್ಯಾಸ ಇಲ್ಲ ಪಾಪ, ಅದಕ್ಕೇ ಯಾರಾದ್ರೂ ಕಂಡ್ರೆ ಓಡಿಹೋಗ್ತಾನೆ." ಆಮೇಲೆ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡರು. "ನಮ್ಮ ಗೇಟಲ್ಲಿ ಅಸ್ಕಾರಿ ಇದ್ದಾನಲ್ಲ ಪುಟ್ಟಿ, ಅವನ ಹಾಗೆ. ಹಾವು ಅಂದ್ರೆ ಚಿನ್ನದ ಅಸ್ಕಾರಿ."

ಸ್ವಾಹಿಲಿಯಲ್ಲಿ ಅವರು ಕಲಿತಿದ್ದ ಪದಗಳೇ ನಾಲ್ಕೈದು. ಅದರಲ್ಲಿ ಕಾವಲುಗಾರನ ಪದ ಸಮಯಕ್ಕೆ ಒದಗಿತು. ಮಗಳ ಅಳು ನಿಂತಿತು. ನೈರೋಬಿಯ ಮಕ್ಕಳಿಗೆ ಅಸ್ಕಾರಿಯ ಗತ್ತು ಗೊತ್ತು. ಅವನು ಮನಸ್ಸು ಮಾಡದೆ ಗೇಟು ತೆರೆಯುವುದಿಲ್ಲ, ಅಪ್ಪನ ಕಾರಿಗೂ.

ನಾಟಕದ ದಿನ ಅತ್ತೆ ರೇಷ್ಮೆ ಸೀರೆ ಉಟ್ಟು ಬಂದರು. ಹಸಿರು ಕಾಲುಚೀಲಗಳನ್ನು ತಲೆಗೆ ಏರಿಸಿಕೊಂಡ ಹಾವುಗಳು ತೆವಳುತ್ತ ಬಂದವು, ಸಂತನಾದ ಹುಡುಗ ಕೋಲು ಬೀಸಿದ, ಹಾವುಗಳು ನೀಲಿ ಬೆಡ್‌ಶೀಟಿನ ಸಮುದ್ರದತ್ತ ಹೊರಟವು. ದೊಡ್ಡ ಹಾವು ಮಾತ್ರ ಎದ್ದು ನಿಂತಿತು. ಅವಳು ಸೀದಾ ಮೂಲೆಯಲ್ಲಿ ಕೊಪ್ಪರಿಗೆ ತಬ್ಬಿ ಕೂತಿದ್ದ ಲೆಪ್ರಕಾನ್ ಹುಡುಗನ ಬಳಿ ಹೋಗಿ ಸಲ್ಯೂಟ್ ಹೊಡೆದಳು.

"ಮೈ ಶಿಫ್ಟ್ ಈಸ್ ಓವರ್. ನೌ ಯೂ ಗಾರ್ಡ್ ದಿ ಗೋಲ್ಡ್. ನೋ ಸ್ಲೀಪಿಂಗ್. ಕ್ವಾಹೇರಿ."

ಹೋಗಿಬರುತ್ತೇನೆ ಎಂದು ಸ್ವಾಹಿಲಿಯಲ್ಲಿ ಹೇಳಿ, ತೆವಳದೆ, ಕೆಲಸ ಮುಗಿಸಿ ಮನೆಗೆ ಹೊರಟವರ ನಡಿಗೆಯಲ್ಲಿ ಸಮುದ್ರ ಹೊಕ್ಕಳು. ನಾಟಕದಲ್ಲಿ ಇಲ್ಲದ ಮಾತು ಕೇಳಿ ಲೆಪ್ರಕಾನ್ ಗಾಬರಿಯಿಂದ ಎದ್ದು ತಾನೂ ಸಲ್ಯೂಟ್ ಹೊಡೆದ. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅತ್ತೆ ನಗಲಿಲ್ಲ. ಎಲ್ಲ ಸರಿಯಾಗಿ ನಡೆಯಿತು ಎಂಬಂತೆ ತಲೆದೂಗಿದರು.

ಮಿಸ್ ನೋರಾ ಓಡಿ ಬಂದರು. ಚಿಕ್ಕಂದಿನಿಂದ ಕೇಳಿದ ಎರಡು ಕತೆಗಳನ್ನು ಹೀಗೆ ಸೇರಿಸಬಹುದೆಂದು ತನಗೆ ಹೊಳೆದೇ ಇರಲಿಲ್ಲ, ಇದು ಯಾವ ಪುಸ್ತಕದಲ್ಲಿದೆ ಎಂದರು. ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. "ಪುಸ್ತಕ ಯಾಕೆ ಬೇಕು? ಕೆಲಸ ಬಿಟ್ಟವರ ಜಾಗಕ್ಕೆ ಯಾರಾದ್ರೂ ಬರಲೇಬೇಕಲ್ಲ" ಎಂದರು.

ಹೊರಗೆ ಬರುವಾಗ ಪರಿಚಯವಿಲ್ಲದ ತಾಯಿಯೊಬ್ಬರು ಆ ಹಾವು ನಿಮ್ಮ ಮಗುವೇ, ಹೆಸರೇನು ಎಂದು ಕೇಳಿದರು. ಇಂಥ ಕಡೆಯಲ್ಲೆಲ್ಲ ನಾನು ಇಷ್ಟು ವರ್ಷ "ಶ್ರೀ" ಎಂದಷ್ಟೇ ಹೇಳಿ ಜಾರಿಕೊಳ್ಳುತ್ತಿದ್ದೆ. ಅವತ್ತು ಮೂರೂ ಅಕ್ಷರವನ್ನು ಪಾರ್ಕಿಂಗಿನವರೆಗೆ ಕೇಳುವಂತೆ ಹೇಳಿದೆ. ಅರ್ಥ ಬೇಕಾದರೆ ನಮ್ಮತ್ತೆಯನ್ನು ಕೇಳಿ, ಸ್ವಲ್ಪ ಪುರುಸೊತ್ತು ಮಾಡಿಕೊಂಡೇ ಕೇಳಿ ಎಂದೂ ಸೇರಿಸಿದೆ.