ಒಂದು ಸರಪಳಿ ಆಚೆ ಹೋದ ಬಾವಿ

2016ರ ಡಿಸೆಂಬರ್. ನಾನಾಗ ಖಾನಾಪುರ ತಾಲ್ಲೂಕಿನಲ್ಲಿ ಸರ್ಕಾರಿ ಭೂಮಾಪಕ, ಜನರ ಬಾಯಲ್ಲಿ ಸರ್ವೇಯರ್ ಸಾಹೇಬ. ಬೆಳಗಾವಿಯ ಮನೆಯಿಂದ ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹೋಗಿ ಬರುತ್ತಿದ್ದೆ. ಇಪ್ಪತ್ತೇಳು ವರ್ಷದ ಸರ್ವಿಸ್ ಆಗಿತ್ತು. ಯಾವ ಹೊಲದಲ್ಲಿ ನಿಲ್ಲಿಸಿದರೂ ಮೂಲೆಗಲ್ಲು ಎಲ್ಲಿದೆಯೆಂದು ಹೇಳಬಲ್ಲೆ ಎಂಬ ಜಂಬವೂ ಇತ್ತು. ಆ ಜಂಬ ಇಳಿದದ್ದು ನಂದಗಡದ ಹತ್ತಿರದ ಒಂದು ಹೊಲದಲ್ಲಿ.

ಆ ಹೊಲದ ಒಡತಿ ಗಂಗವ್ವ. ಐವತ್ತು ದಾಟಿದ್ದರು, ಗಂಡ ತೀರಿಕೊಂಡಿದ್ದರು. ಹದ್ದುಬಸ್ತಿಗೆ ಅರ್ಜಿ ಹಾಕಿದ್ದರು. ಹದ್ದುಬಸ್ತು ಎಂದರೆ ಕಾಗದದಲ್ಲಿರುವ ಗಡಿಯನ್ನು ನೆಲದ ಮೇಲೆ ತೋರಿಸಿ ಗುರುತು ಹಾಕಿಕೊಡುವುದು. ಪಕ್ಕದ ಹೊಲದ ಮಾರುತಿ ಪ್ರತಿ ವರ್ಷ ಉಳುವಾಗ ಎರಡು ಸಾಲು ಒಳಗೆ ಬರುತ್ತಾರೆ ಎಂಬುದಷ್ಟೇ ದೂರು. ಗಡಿಯ ಸಮೀಪ ಗಂಗವ್ವನ ಬಾವಿ ಇತ್ತು. ಗಂಡ ಅಗೆದ ಮಣ್ಣನ್ನು ಗಂಗವ್ವನೇ ಬುಟ್ಟಿಯಲ್ಲಿ ಹೊತ್ತು ಹಾಕಿ ತೋಡಿದ ಬಾವಿ. ಬೇಸಿಗೆಯಲ್ಲಿ ಅವರ ಕಾಯಿಪಲ್ಲೆಗೂ ನಾಲ್ಕು ಎಮ್ಮೆಗಳಿಗೂ ಅದೊಂದೇ ನೀರು. ಅದರ ಬಗ್ಗೆ ಯಾರ ತಕರಾರೂ ಇರಲಿಲ್ಲ.

ಇಲ್ಲಿ ಸ್ವಲ್ಪ ಹಳೆಯ ಕಥೆ ಹೇಳಬೇಕು. ನಮ್ಮ ಭಾಗದ ಹೊಲಗಳನ್ನು ಮೊದಲು ಕ್ರಮವಾಗಿ ಅಳೆದದ್ದು ಬ್ರಿಟಿಷರ ಕಾಲದ ಮುಂಬಯಿ ಸರ್ಕಾರ. ಕಂದಾಯ ಬೇಕಿತ್ತು, ಅದಕ್ಕೆ ಅಳತೆ ಬೇಕಿತ್ತು. ಮೂವತ್ತಮೂರು ಅಡಿಯ ಸರಪಳಿ, ಅದರಲ್ಲಿ ಹದಿನಾರು ಆಣೆ. ಈ ಆಣೆ ದುಡ್ಡಲ್ಲ, ಉದ್ದ. ಒಂದು ಆಣೆಗೆ ಎರಡು ಅಡಿ ಚಿಲ್ಲರೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲವಾದರೆ ಒಂದು ಗುಂಟೆ. ಹೀಗೆ ಅಳೆದದ್ದನ್ನು ಟಿಪ್ಪಣಿ ಎಂಬ ಪುಸ್ತಕದಲ್ಲಿ ಚಿತ್ರ ಸಮೇತ ಬರೆದಿಟ್ಟರು. ಆಳುವವರು ಬದಲಾದರು, ರಾಜ್ಯದ ಗಡಿ ಬದಲಾಯಿತು, ಉಪಕರಣವೂ ಬದಲಾಯಿತು. ಹೊಲದ ಗಡಿ ಕೇಳಿದರೆ ಮಾತ್ರ ಇವತ್ತಿಗೂ ನಾವು ತೆಗೆಯುವುದು ಅದೇ ಟಿಪ್ಪಣಿ. ಖಾನಾಪುರದ ಕಡೆ ಅದು ಮರಾಠಿ ಭಾಷೆಯಲ್ಲಿ, ಹಿಂದೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿಯಲ್ಲಿದೆ. ನನಗೆ ಮರಾಠಿ ನೀರು ಕುಡಿದಷ್ಟು ಸಲೀಸು, ಮೋಡಿ ಓದಲು ಮಾತ್ರ ಬಾರದು. ಹಾಗಾಗಿ ಕಚೇರಿಯಲ್ಲಿದ್ದ ಕನ್ನಡ ನಕಲನ್ನೇ ನಂಬಿ ಹೊರಟೆ.

ಆ ಗಡಿಯ ಕಲ್ಲುಗಳೆಲ್ಲ ಕಿತ್ತುಹೋಗಿದ್ದವು. ಇಡೀ ಗೆರೆಯನ್ನು ಒಂದು ಮೂಲೆಯಿಂದ ಎಳೆಯಬೇಕಿತ್ತು. ಆ ಮೂಲೆ ಎಲ್ಲಿ ಎಂಬುದಕ್ಕೆ ನಕಲಿನಲ್ಲಿ ಒಂದೇ ಸಾಲು: ‘ವಡ್ಡಿನಿಂದ ದಕ್ಷಿಣಕ್ಕೆ ಎರಡು ಸರಪಳಿ ಆರು ಆಣೆ.’ ಒಡ್ಡಿಗೆ, ಅಂದರೆ ಹೊಲದ ಮಣ್ಣಿನ ಏರಿಗೆ, ನಮ್ಮ ಕಡೆ ವಡ್ಡು ಅನ್ನುತ್ತಾರೆ. ಕಣ್ಣೆದುರಿಗೇ ಒಂದು ಒಡ್ಡು ಇತ್ತು. ಟೋಟಲ್ ಸ್ಟೇಷನ್ ಎಂಬ ಉಪಕರಣ ಇಟ್ಟು ಅಳೆದೆ, ಗೆರೆ ಎಳೆದೆ, ಸುಣ್ಣ ಹಾಕಿಸಿದೆ. ನೋಡಿದರೆ ಬಾವಿ ಮಾರುತಿಯವರ ಹೊಲದೊಳಗೆ ಹನ್ನೆರಡು ಆಣೆ, ಅಂದರೆ ಇಪ್ಪತ್ತೈದು ಅಡಿ ಹೋಗಿ ಕೂತಿತ್ತು.

ಗಂಗವ್ವ ಕೂಗಾಡಲಿಲ್ಲ, ಅಳಲೂ ಇಲ್ಲ. ಸುಣ್ಣದ ಗೆರೆಯನ್ನೂ ಬಾವಿಯನ್ನೂ ನಾಲ್ಕಾರು ಸಲ ನೋಡಿ ಕೇಳಿದರು, “ಸಾಹೇಬ್ರ, ಭೂಮಿ ಸರದೈತ್ಯೋ, ಕಾಗದ ಸರದೈತ್ಯೋ?”

ಮಾರುತಿಯವರೂ ತಬ್ಬಿಬ್ಬಾಗಿದ್ದರು. ಅರವತ್ತೈದರ ಆಸುಪಾಸಿನ ಮನುಷ್ಯ, ಮನೆಮಾತು ಮರಾಠಿ, ಹೊಲದಲ್ಲಿ ಕನ್ನಡ. “ಬಾವಿ ನಮ್ದು ಅಂತ ನಾ ಎಂದೂ ಅಂದಿಲ್ರಿ,” ಎಂದರು. ಆಮೇಲೆ ಸುಣ್ಣದ ಗೆರೆ ತೋರಿಸಿ, “ಆದ್ರ ಸರಕಾರಿ ಅಳತಿ ಸುಳ್ಳ ಆಕ್ಕೈತೇನ್ರಿ?” ಎಂದರು. ಆಗುವುದಿಲ್ಲ ಎಂದೆ. ಪಂಚನಾಮೆಗೆ ಸಹಿ ಮಾಡಿಸಿಕೊಂಡು ಬಸ್ಸು ಹತ್ತಿದೆ.

ಕ್ಷೇತ್ರದ, ಅಂದರೆ ವಿಸ್ತೀರ್ಣದ, ಲೆಕ್ಕವನ್ನು ಅಲ್ಲೇ ಹಾಕಬೇಕಿತ್ತು. ನಾನು ಕಚೇರಿಯಲ್ಲಿ ಮರುದಿನ ಹಾಕಿದೆ. ಗಂಗವ್ವನ ಹೊಲ ದಾಖಲೆಗಿಂತ ಆರು ಗುಂಟೆ ಕಡಿಮೆ, ಮಾರುತಿಯವರದು ಆರು ಗುಂಟೆ ಹೆಚ್ಚು. ಮತ್ತೆ ಹೋಗಿ ಅಳೆದೆ, ಅದೇ ಉತ್ತರ. ಉಪಕರಣದ ಮೇಲೆ ಅನುಮಾನ ಬಂದು ಹಳೆಯ ಸರಪಳಿ ತರಿಸಿ ಎಳೆದೆ, ಆಗಲೂ ಅದೇ. ಮೂರು ಸಲ ಅಳೆದರೂ ಅಳತೆ ಸರಿ, ಫಲಿತಾಂಶ ತಪ್ಪು. ಕ್ಷೇತ್ರ ಹೊಂದಲಿಲ್ಲವೆಂದು ಗೆರೆ ಸರಿಸುವಂತೆಯೂ ಇಲ್ಲ. ಸರಿಸಲು ನೆಲದ ಮೇಲೆ ಒಂದು ಗುರುತು ಬೇಕು. ಯಾವುದನ್ನು ನಂಬಬೇಕೆಂದು ತಿಳಿಯದೆ ತಲೆ ಕೆಟ್ಟು ಹೋಯಿತು.

ಅಷ್ಟರಲ್ಲಿ ಮಾರುತಿಯವರು ಬಾವಿಯ ಸುತ್ತ ಮುಳ್ಳಿನ ಬೇಲಿ ಹಾಕಿದ್ದರು. ಎಂದೂ ಕೇಳದ ಬಾವಿ ಒಂದೇ ವಾರದಲ್ಲಿ ಅವರದಾಗಿತ್ತು, ನನ್ನ ಸಹಿಯ ಬಲದಿಂದ. ಗಂಗವ್ವ ಹಳ್ಳದಿಂದ ಎಮ್ಮೆಗಳಿಗೆ ನೀರು ಹೊರುತ್ತಿದ್ದರು. ನನಗೆ ಅವರ ಮುಖ ನೋಡಲು ನಾಚಿಕೆಯಾಯಿತು. ಒಡ್ಡಿನ ಹತ್ತಿರ ನಿಂತು ಗೊಣಗುತ್ತಿದ್ದಾಗ ಅವರೇ ಬಂದು, “ಈ ವಡ್ಡು ಮಾರುತಿ ಅಣ್ಣನ ಅಪ್ಪ ಹಾಕಿದ್ದರಿ. ಇದರಾಗ ಏನ್ ಹುಡಕ್ತೀರಿ?” ಎಂದರು.

ಮಾರುತಿಯವರ ಅಪ್ಪ ಹಾಕಿದ ಒಡ್ಡು ಅವರಜ್ಜನ ಕಾಲದ ಟಿಪ್ಪಣಿಯಲ್ಲಿ ಬಂದದ್ದು ಹೇಗೆ?

ಮೂಲ ಟಿಪ್ಪಣಿ ಬೆಳಗಾವಿಯ ರೆಕಾರ್ಡ್ ರೂಮಿನಲ್ಲಿತ್ತು. ಅದರ ಜೆರಾಕ್ಸ್ ಹಿಡಿದು ಪಕ್ಕದ ಹಿಂಡಲಗಾಕ್ಕೆ ಹೋದೆ. ಅಲ್ಲಿ ಮೋಡಿ ಬಲ್ಲ ಒಬ್ಬ ನಿವೃತ್ತ ಮಾಸ್ತರರಿದ್ದರು. ಕನ್ನಡಕ ಏರಿಸಿ ಬೆರಳಿಟ್ಟು ಓದಿದರು: “ವಡಾಪಾಸೂನ್... ಅಂದ್ರ ವಡದಿಂದ. ನೀವು ದಿನಾ ಮರಾಠಿ ಮಾತಾಡ್ತೀರಲ್ರಿ, ವಡ ಅಂದ್ರ ಏನು?”

“ಆಲದ ಮರ,” ಎಂದೆ.

ಯಾವುದೋ ಕಾಲದಲ್ಲಿ ನಕಲು ಮಾಡಿದ ಯಾರೋ ನಮ್ಮಂಥ ಕನ್ನಡದವರು ‘ವಡ’ವನ್ನು ಮನೆಮಾತಿನ ‘ವಡ್ಡು’ ಎಂದು ಓದಿಕೊಂಡಿದ್ದರು. ಅವರನ್ನು ಬೈಯಲು ನನಗೆ ಬಾಯಿರಲಿಲ್ಲ. ಮೋಡಿ ಬರುತ್ತಿದ್ದರೂ, ಕಣ್ಣೆದುರು ಒಡ್ಡು ಇರುವಾಗ ನಾನೂ ಹಾಗೇ ಓದುತ್ತಿದ್ದೆನೇನೋ.

ಗೊಂದಲ ಅಲ್ಲಿಗೇ ಮುಗಿಯಲಿಲ್ಲ. ಆ ಹೊಲದಲ್ಲಿ ಆಲದ ಮರವೇ ಇಲ್ಲ. ಗಂಗವ್ವ ಸೊಸೆಯಾಗಿ ಬಂದಾಗಲೂ ಇರಲಿಲ್ಲವಂತೆ. ಅದು ಎಲ್ಲಿತ್ತೆಂದು ಬಲ್ಲ ವಯಸ್ಸಿನವರು ಅಲ್ಲಿ ಒಬ್ಬರೇ, ಮಾರುತಿ. ಮರ ಇರಲೇ ಇಲ್ಲ ಎಂದುಬಿಟ್ಟರೆ ನನ್ನ ಹಳೆಯ ಗೆರೆಯೇ ಖಾಯಂ, ಬಾವಿ ಅವರದೇ. ಏತಕ್ಕೆಂದು ಹೇಳದೆ ಕೇಳಿದರೆ ನಿಜ ಹೇಳಿಯಾರು, ಆದರೆ ಅದು ಮೋಸ. ಹೇಳಿಯೇ ಕೇಳಿದರೆ ಗಂಗವ್ವನಿಗೆ ನಾನೇ ಎರಡನೇ ಸಲ ಅನ್ಯಾಯ ಮಾಡಿದಂತಾದರೆ? ಬೆಳಗಾವಿಯಿಂದ ಖಾನಾಪುರದವರೆಗೂ ಯೋಚಿಸಿದೆ, ಏನೂ ಹೊಳೆಯಲಿಲ್ಲ. ಕೊನೆಗೆ ಹೊಲದಲ್ಲಿ ಇಬ್ಬರನ್ನೂ ನಿಲ್ಲಿಸಿಕೊಂಡು ಇದ್ದದ್ದನ್ನೆಲ್ಲ ಹೇಳಿಬಿಟ್ಟೆ.

ಮಾರುತಿಯವರು ತಾವು ಹಾಕಿದ ಬೇಲಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಒಡ್ಡು ದಾಟಿ ಉತ್ತರಕ್ಕೆ ನಡೆದು ಒಂದು ಕಡೆ ಕಾಲೂರಿ ನಿಂತರು.

“ಇಲ್ಲಿತ್ರಿ ವಡ. ಸಣ್ಣವರಿದ್ದಾಗ ಇದರ ಬೀಳಲ ಹಿಡದು ಜೋಕಾಲಿ ಆಡ್ತಿದ್ವಿ.”

ಅಲ್ಲಿಂದ ಅಳೆದೆ. ಗೆರೆ ಸರಿಯಾಗಿ ಒಂದು ಸರಪಳಿ ಉತ್ತರಕ್ಕೆ ಸರಿಯಿತು. ಆರು ಗುಂಟೆ ಗಂಗವ್ವನಿಗೆ ಮರಳಿತು, ಎರಡೂ ಹೊಲಗಳ ಕ್ಷೇತ್ರ ದಾಖಲೆಗೆ ಹೊಂದಿತು. ಬಾವಿ ಗಂಗವ್ವನ ಗಡಿಯೊಳಗೆ ನಾಲ್ಕು ಆಣೆ, ಎಂಟು ಅಡಿ. ನನಗೆ ಕಣ್ಣು ತುಂಬಿ ಬಂತು. ಗಂಗವ್ವ ಮಾತ್ರ ಸೆರಗು ಸಿಕ್ಕಿಸಿಕೊಂಡು, “ಮಾರುತಿ ಅಣ್ಣ, ಮೊದಲ ಆ ಮುಳ್ಳ ತಗೀ. ಎಮ್ಮಿ ನೀರಡಿಸ್ಯಾವು,” ಎಂದರು. “ತಗೀತೀನಿ ತಡೀ, ತಂಗಿ,” ಎಂದು ಅವರು ಬಗ್ಗಿದರು.

ಹೊಸ ಪಂಚನಾಮೆಗೆ ಸಹಿ ಹಾಕುವಾಗ ಮಾರುತಿಯವರು ತಲೆ ಎತ್ತಿ ಕೇಳಿದರು, “ಸಾಹೇಬ್ರ, ವಡ ಇರಲೇ ಇಲ್ಲ ಅಂತ ಅಂದಿದ್ರ ಏನ್ ಮಾಡ್ತಿದ್ರಿ?”

“ಅದನ್ನ ಬರಕೋತಿದ್ದೆ,” ಎಂದೆ.

ಅವರು ತಲೆ ತಗ್ಗಿಸಿ ಸಹಿ ಮುಗಿಸಿದರು. ಈಗ ಡ್ರೋನ್ ಹಾರಿಸಿ ಊರಿಗೆ ಊರನ್ನೇ ಅಳೆಯುತ್ತಾರೆ, ಬಹಳ ಒಳ್ಳೆಯದು. ಎಷ್ಟು ದೂರ ಎಂಬುದನ್ನು ಉಪಕರಣ ಹೇಳುತ್ತದೆ. ಎಲ್ಲಿಂದ ಎಂಬುದನ್ನು ಯಾರಾದರೂ ಒಬ್ಬರು ಕಾಲೂರಿ ನಿಂತು ತೋರಿಸಬೇಕು. ಅಂದು ತೋರಿಸಿದವರು ಕೈಗೆ ಬಂದಿದ್ದ ಬಾವಿಯನ್ನು ಬಿಟ್ಟುಕೊಟ್ಟು ತೋರಿಸಿದರು. ಆದರೆ ಹೊಸ ನಕ್ಷೆಯ ಕೆಳಗೆ ಇರುವುದು ನನ್ನ ಸಹಿ ಮಾತ್ರ.