ಬಕ್ಕಣಪುರದ ವಿದ್ಯೆ

ಬೇಸಿಗೆ ರಜೆಯ ನೆನಪು ಬರೆಯಲು ಕುಳಿತವರ ಕೈಗೆ ಮಾವಿನಕಾಯಿ, ಉಪ್ಪುಖಾರ, ಬುಗುರಿ ತಾವಾಗಿಯೇ ಬಂದು ಸೇರುತ್ತವೆ. ಆ ದಿನಗಳು ನನಗೂ ಇದ್ದವು. ಸುಡುವ ಕಲ್ಲಿನ ಮೇಲೆ ಬರಿಗಾಲಲ್ಲಿ ಕುಣಿಯುತ್ತ ಓಡಿದ್ದು, ಸವಣೂರಿನ ಓಣಿಗಳಲ್ಲಿ ಖಾರ ಕರಿಯುವ ಎಣ್ಣೆಯ ವಾಸನೆ ಹಿಡಿದು ಮನೆಮನೆ ತಿರುಗಿದ್ದು, ಹುಣಸೆಕಾಯಿ ತಿಂದು ಹಲ್ಲು ಜುಮ್ಮೆಂದು ರೊಟ್ಟಿ ಅಗಿಯಲಾರದೆ ಅವ್ವನಿಂದ ಬೈಸಿಕೊಂಡದ್ದು, ಎಲ್ಲ ನಿಮ್ಮಂತೆಯೇ. ಆದರೆ ನಾನು ಐದನೇ ಇಯತ್ತೆ ಮುಗಿಸಿದ ಬೇಸಿಗೆಯನ್ನು ಸಿಹಿ ಮಾಡಿ ಹೇಳಲು ನನಗಾಗುವುದಿಲ್ಲ. ಆ ಸಿಟ್ಟು ಇನ್ನೂ ಆರಿಲ್ಲ. ಆರಲಿ ಎಂಬ ಆಸೆಯೂ ನನಗಿಲ್ಲ.

ನಮ್ಮದು ಎಲೆಯ ವ್ಯಾಪಾರದ ಮನೆ. ತೋಟದಿಂದ ಬಂದ ವೀಳ್ಯದೆಲೆಯ ಬುಟ್ಟಿಗಳು ಪಡಸಾಲೆಯ ತಂಪಿನಲ್ಲಿ ಹಸಿ ಬಟ್ಟೆ ಹೊದ್ದು ಕೂತಿರುತ್ತಿದ್ದವು. ವ್ಯಾಪಾರ ನೋಡಿಕೊಳ್ಳುತ್ತಿದ್ದವನು ಅಪ್ಪನ ತಮ್ಮ, ಶೇಖರಕಾಕಾ. ಅಪ್ಪ ಶಾಲೆಯ ಮಾಸ್ತರ. ಮನೆಯ ಯಾವ ಮಾತಿಗೂ ತಲೆ ಹಾಕುತ್ತಿರಲಿಲ್ಲ, ಅದನ್ನೇ ಊರವರು ಒಳ್ಳೆಯತನ ಎನ್ನುತ್ತಿದ್ದರು. ಎಲೆ ಆರಿಸಿ ಕಟ್ಟು ಕಟ್ಟಲು ದಿನಾ ಯಲ್ಲವ್ವ ಬರುತ್ತಿದ್ದಳು. ಅವಳ ಜೊತೆ ಮಗಳು ನಾಗಿ. ನಾಗಿಯೂ ನಾನೂ ಒಂದೇ ವರ್ಗ, ಒಂದೇ ಮಣೆ. ಅವಳ ಮೈಗೆ ಸದಾ ಹಸಿ ಎಲೆಯ ಘಮ ಅಂಟಿರುತ್ತಿತ್ತು.

ಮನೆಯ ಮುಂದಿನ ಕಟ್ಟೆಯ ಮೇಲೆ ಇಮಾಮ ಚಾಚಾನ ಹೊಲಿಗೆ ಮಶೀನು. ಅಜ್ಜನ ಕಾಲದಿಂದಲೂ ಅದು ಅವನ ಜಾಗ. ಓಣಿಯ ಅಂಗಿ, ಚಡ್ಡಿ, ಪೋಲಕ ಎಲ್ಲ ಅವನ ಕೈಯಿಂದಲೇ ಹೊರಬರಬೇಕು. ಮಧ್ಯಾಹ್ನ ದೊಡ್ಡವರು ಮಲಗಿದ ಮೇಲೆ ನಾವಿಬ್ಬರೂ ಅವನ ಮಶೀನಿನ ಹತ್ತಿರ ಚಿಂದಿ ಆರಿಸುತ್ತ ಕೂಡುತ್ತಿದ್ದೆವು. ಅವನು ಹೊಲಿಯುತ್ತಲೇ ಕತೆ ಹೇಳುತ್ತಿದ್ದ.

ನಮ್ಮ ಕಡೆ ಕಿಸೆಗೆ ಬಕ್ಕಣ ಎನ್ನುತ್ತಾರೆ. ಆ ಬೇಸಿಗೆ ಒಂದು ದಿನ ಅಂಗಿಗೆ ಬಕ್ಕಣ ಕೂರಿಸುತ್ತ ಚಾಚಾ ಬಕ್ಕಣಪುರದ ಕತೆ ಶುರುಮಾಡಿದ.

"ಏಳು ಗುಡ್ಡದಾಚಿ ಐತ್ರವ್ವಾ ಆ ಊರು. ಅಲ್ಲಿ ಕೂಸು ಹುಟ್ಟಿದ ಕೂಡ್ಲೆ ಹೆಸರಿಡೂದಿಲ್ಲ, ಮದ್ಲ ಒಂದು ಬಕ್ಕಣ ಹೊಲೀತಾರ. ರಾಜಾನ ಮೈತುಂಬ ಬಕ್ಕಣ. ಯಾವುದರಾಗ ಏನೈತಿ ಅನ್ನೂದು ಅವಗೂ ಗೊತ್ತಿಲ್ಲ."

"ಅಲ್ಲೇ ಸಾಲಿ ಐತೇನ್ರಿ ಚಾಚಾ?" ಎಂದಳು ನಾಗಿ.

"ಐತಿ. ಒಂದ ವಿದ್ಯಾ ಕಲಿಸ್ತಾರ. ಮಂದಿ ಬಕ್ಕಣದಾಗಿಂದು ಅವರಿಗೆ ಗೊತ್ತಾಗದಂಗ ತಗಿಯೂದು."

"ಅಂದ್ರ ಕಳವಲ್ಲೇನ್ರಿ?" ಎಂದೆ ನಾನು.

ಚಾಚಾ ಬಾಯಲ್ಲಿದ್ದ ದಾರ ಕಡಿದು ಪಕ್ಕಕ್ಕಿಟ್ಟ. "ಇಟ್ಕೊಂಡ್ರ ಕಳವು. ಆ ಊರಾಗ ಹೊತ್ತು ಮುಣುಗೂದ್ರಾಗ ಅದನ್ನ ತಿರುಗಿ ಅದ ಬಕ್ಕಣದಾಗ ಇಡಬೇಕು. ಅದೂ ಅವರಿಗೆ ಗೊತ್ತಾಗಬಾರದು. ತಗಿಯೂದು ಅರ್ಧ ವಿದ್ಯಾ, ಇಡೂದು ಪೂರಾ ವಿದ್ಯಾ. ಇಡಾಕ ಬರಲಿಲ್ಲಂದ್ರ ಊರ ಬಿಟ್ಟು ಹೊರಗ."

ಮರುದಿನ ಅವನು ನಮಗಾಗಿ ಒಂದು ಅಂಗಿ ತಯಾರು ಮಾಡಿ ಇಟ್ಟಿದ್ದ. ಯಾರೋ ಹೊಲಿಯಲು ಕೊಟ್ಟು ಒಯ್ಯದೆ ಬಿಟ್ಟ ಹಳೆಯ ಅಂಗಿ. ಅದರ ತೋಳಿಗೆ, ಅಂಚಿಗೆ, ಬಕ್ಕಣದ ಬಾಯಿಗೆ ಆಡಿನ ಕೊರಳಿನ ಸಣ್ಣ ಗೆಜ್ಜೆಗಳನ್ನು ಹೊಲಿದಿದ್ದ. ಹಿತ್ತಲ ಬೇವಿನ ಕೊಂಬೆಗೆ ಅದನ್ನು ತೂಗುಹಾಕಿ, ಬಕ್ಕಣದಲ್ಲಿ ಹುಣಸೆಬೀಜ ಇಟ್ಟು, ಗೆಜ್ಜೆ ಸದ್ದಾಗದಂತೆ ತೆಗೆಯಬೇಕು. ಗಾಳಿಗೂ ಸದ್ದು ಮಾಡುವ ಅಂಗಿ ಅದು. ಉಸಿರು ಹಿಡಿಯಬೇಕು, ಎರಡೇ ಬೆರಳು ಇಳಿಸಬೇಕು, ಬೀಜ ಸಿಕ್ಕ ಮೇಲೆ ಅವಸರ ಮಾಡಬಾರದು.

ನನಗೆ ಅದು ಬಹಳ ಬೇಗ ಬಂತು. ಕೆಲವೇ ದಿನಗಳಲ್ಲಿ ನಾನು ಬೀಜ ತೆಗೆದು, ತಿರುಗಿ ಇಟ್ಟು, ಮತ್ತೆ ತೆಗೆಯುತ್ತಿದ್ದೆ. ಅಂಗಿ ಸುಮ್ಮನೆ ತೂಗುತ್ತಿತ್ತು. ನೀರು ಸೇದುವ ಅವ್ವನ ಸೆರಗಿನ ಗಂಟಿನಿಂದ ಅಡಿಕೆ ಹೋಳು ತೆಗೆದು ತಿರುಗಿ ಕಟ್ಟಿಟ್ಟು ಬಂದಿದ್ದೆ. ಚಾಚಾ ನನ್ನನ್ನು ಬಕ್ಕಣಪುರದ ವಜೀರ ಮಾಡಿದ.

ನಾಗಿಗೆ ಬರಲೇ ಇಲ್ಲ. ಅವಳ ಬೆರಳು ಚುರುಕಾಗಿದ್ದವು, ಎಲೆಯ ರಾಶಿಯಲ್ಲಿ ಕೆಟ್ಟ ಎಲೆಯನ್ನು ಕಣ್ಣುಮುಚ್ಚಿ ಆರಿಸುವ ಬೆರಳು ಅವು. ಆದರೆ ಅಂಗಿಯ ಬಕ್ಕಣಕ್ಕೆ ಕೈ ಹೋದ ಕೂಡಲೇ ಅವಳಿಗೆ ನಗೆ ಬರುತ್ತಿತ್ತು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ಗೆಜ್ಜೆಗಳೆಲ್ಲ ಅವಳ ಜೊತೆ ನಗುತ್ತಿದ್ದವು. "ನನಗ ಆಗೂದುಲ್ಲಲೇ ಗಿರಿಜಿ, ಕೈ ಕಿತಿಕಿತಿ ಅಂತೈತಿ" ಎನ್ನುತ್ತಿದ್ದಳು. ಬಕ್ಕಣಪುರದಲ್ಲಿ ಹುಟ್ಟಿದ್ದರೆ ಅವಳನ್ನು ಮೊದಲ ದಿನವೇ ಹೊರಗೆ ಹಾಕುತ್ತಿದ್ದರು ಎಂದು ಚಾಚಾ ಹಂಗಿಸುತ್ತಿದ್ದ.

ಇದು ಇಡೀ ಓಣಿಗೆ ಗೊತ್ತಿದ್ದ ಆಟ. ಕಾಕಾನೂ ಎರಡು ಸಲ ನಿಂತು ನೋಡಿ ಹೋಗಿದ್ದ. ಇದನ್ನು ನೀವು ನೆನಪಿಡಬೇಕು.

ಕಾಕಾನ ಹತ್ತಿರ ಮದುವೆಯಲ್ಲಿ ಮಾವನ ಮನೆಯವರು ಕೊಟ್ಟ ಬಂಗಾರದ ಬಣ್ಣದ ವಾಚಿತ್ತು. ಅದರ ಪಟ್ಟಿ ಹರಿದು, ಅದನ್ನವನು ಜುಬ್ಬಾದ ಬಕ್ಕಣದಲ್ಲಿಟ್ಟುಕೊಂಡು ತಿರುಗುತ್ತಿದ್ದ. ಒಂದು ಸಲ ರಟ್ಟೀಹಳ್ಳಿಯ ಮಾವನ ಮನೆಗೆ ಹೋಗಿ ಬಂದ ಮರುದಿನ ಮಧ್ಯಾಹ್ನ ಬಕ್ಕಣಕ್ಕೆ ಕೈ ಹಾಕಿದರೆ ವಾಚಿಲ್ಲ. ಮನೆಯೆಲ್ಲ ಹುಡುಕಿದರು. ಹಾಸಿಗೆ ಝಾಡಿಸಿದರು, ಎಲೆಯ ಬುಟ್ಟಿ ಬೋರಲು ಹಾಕಿದರು.

ಅಜ್ಜಿ ಕೇಳಿದಳು, "ಹೊರಗಿನವರು ಯಾರ ಬಂದಿದ್ರು ಮನಿಗೆ?"

ಅಷ್ಟೇ ಸಾಕಾಯಿತು. ವರ್ಷಗಟ್ಟಲೆ ನಮ್ಮ ಪಡಸಾಲೆಯಲ್ಲಿ ಕೂತು ಎಲೆ ಕಟ್ಟಿದ ಯಲ್ಲವ್ವ ಆ ಒಂದು ಮಾತಿಗೆ ಹೊರಗಿನವಳಾದಳು. ಕಾಕಾ ಹಿತ್ತಲಿಗೆ ಬಂದು, ಬೇವಿನ ಕೊಂಬೆಗೆ ತೂಗುತ್ತಿದ್ದ ಅಂಗಿಯನ್ನು ನೋಡಿ, ಕೆಳಗೆ ಕೂತಿದ್ದ ನಾಗಿಯ ರೆಟ್ಟೆ ಹಿಡಿದು ಎಳೆದುಕೊಂಡು ಅಂಗಳಕ್ಕೆ ತಂದ. ನಾನು ಅವಳ ಪಕ್ಕದಲ್ಲೇ ಇದ್ದೆ. ನನ್ನ ರೆಟ್ಟೆಯನ್ನು ಯಾರೂ ಹಿಡಿಯಲಿಲ್ಲ.

"ವಾಚ್ ಎಲ್ಲೈತಿ?"

"ನಾ ನೋಡಿಲ್ರಿ."

ಅವಳು ಉಟ್ಟಿದ್ದ ಪರಕಾರದ ಬಕ್ಕಣವನ್ನು ಕಾಕಾ ಹೊರಗೆಳೆದ. ಹುಣಸೆಬೀಜ ಉದುರಿದವು. ಅರ್ಧ ಚೀಪಿ ಕಾಗದದಲ್ಲಿ ಸುತ್ತಿಟ್ಟುಕೊಂಡಿದ್ದ ಪೆಪ್ಪರಮಿಂಟು ಬಿತ್ತು. ಕಾಕಾ ಕಟ್ಟೆಯ ಮೇಲಿದ್ದ ಚಾಚಾನ ಗಜಕೋಲು ತಂದು ಅವಳ ಅಂಗೈಗೆ ಹೊಡೆಯತೊಡಗಿದ. ಯಲ್ಲವ್ವ ಮೊದಲು ಕಾಲು ಹಿಡಿದಳು. "ಸಾವಕಾರ್ರ, ನಮ್ಮ ಕೂಸು ಅಂಥಾದ್ದಲ್ರಿ" ಎಂದಳು. ಆಮೇಲೆ ಎದ್ದು ತಾನೇ ಮಗಳಿಗೆ ಹೊಡೆಯಲು ಶುರುಮಾಡಿದಳು. ಕೆನ್ನೆಗೆ, ಬೆನ್ನಿಗೆ, ಸಿಕ್ಕಸಿಕ್ಕಲ್ಲಿ. ಆಗ ನನಗೆ ಅವಳ ಮೇಲೂ ಸಿಟ್ಟು ಬಂತು. ತನ್ನ ಕೈಯ ಪೆಟ್ಟು ಬೀಳುತ್ತಿದ್ದರೆ ಕೋಲಿನ ಪೆಟ್ಟು ನಿಂತೀತು ಎಂದು ಆ ತಾಯಿ ಹಾಗೆ ಮಾಡಿದಳು ಎಂಬುದು ನನಗೆ ಮಕ್ಕಳಾದ ಮೇಲೆ ತಿಳಿಯಿತು.

ನಾನು ಕಾಕಾನ ಜುಬ್ಬಾ ಹಿಡಿದು ಜಗ್ಗಿದೆ. "ಕಾಕಾ, ಅಕಿಗಿ ತಗಿಯಾಕ ಬರೂದುಲ್ಲ. ಬರೂದು ನನಗ. ವಜೀರ ನಾನು. ನನ್ನ ಬಕ್ಕಣ ನೋಡ್ರಿ."

"ನೀ ಒಳಗ ಹೋಗು."

"ಖರೇನ ಹೇಳಾಕತ್ತೇನಿ. ನನಗ ಕೇಳ್ರಿ, ನನಗ ಹೊಡೀರಿ."

"ಹುಚ್ಚಿ, ನಮ್ಮ ಮನಿ ಮಗಳು ಯಾಕ ಕಳವು ಮಾಡ್ತಾಳ" ಎಂದು ಅಜ್ಜಿ ನನ್ನನ್ನು ಒಳಗೆ ಎಳೆದಳು. ಪಡಸಾಲೆಯ ಆರಾಮಕುರ್ಚಿಯಲ್ಲಿ ಅಪ್ಪ ಪೇಪರ ಓದುತ್ತಿದ್ದ. "ಅಪ್ಪಾ, ನೀನರ ಹೇಳು" ಎಂದೆ. ಅಪ್ಪ ಪುಟ ತಿರುವಿದ. ನಾಗಿ ಅವನ ಶಾಲೆಯ ಹುಡುಗಿ. ಅವಳು ಎಂಥವಳೆಂದು ಕಾಕಾನಿಗಿಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಕಾಕಾನನ್ನು ಒಂದು ದಿನ ಕ್ಷಮಿಸಿದರೂ ಕ್ಷಮಿಸಿಯೇನು, ಆ ತಿರುವಿದ ಪುಟವನ್ನು ಮಾತ್ರ ನನಗೆ ಕ್ಷಮಿಸಲಾಗಿಲ್ಲ.

ಆಮೇಲೆ ಚಾಚಾನ ಪಾಳಿ. ಮಸೀದಿಯಿಂದ ಬಂದವನನ್ನು ಕಾಕಾ ಕಟ್ಟೆ ಹತ್ತಗೊಡಲಿಲ್ಲ.

"ಕತಿ ಹೇಳೀನ್ರಿ ಸಾವಕಾರ್ರ. ಕಳವು ಕಲಿಸಿಲ್ರಿ" ಎಂದ ಚಾಚಾ.

"ನಿಮ್ಮ ಮಂದಿ ಕತಿ ನಮಗ ಗೊತ್ತೈತಿ. ಮಶೀನ್ ಎತ್ತು."

ಚಾಚಾ ಕತ್ತರಿ, ಗುಂಡಿಯ ಡಬ್ಬಿ, ಅರ್ಧ ಹೊಲಿದ ಬಟ್ಟೆ ಗಂಟು ಕಟ್ಟಿದ. ಮಶೀನನ್ನು ಕೈಗಾಡಿಯ ಮೇಲೆ ಹೇರಿಕೊಂಡು ಹೋದ. ಅಂಗಿ ಹೊಲಿಸಿಕೊಂಡ ಓಣಿಯ ಮಂದಿ ಅವರವರ ಬಾಗಿಲಲ್ಲಿ ನಿಂತು ನೋಡಿದರು. ಅವರ ಮೈಮೇಲೆ ಅವನೇ ಹೊಲಿದ ಬಟ್ಟೆಗಳಿದ್ದವು.

ಯಲ್ಲವ್ವ ಆ ವಾರವೇ ಮಗಳನ್ನು ಕರೆದುಕೊಂಡು ಊರು ಬಿಟ್ಟಳು. ಯಲವಿಗಿಗೆ ಹೋಗಿ ರೈಲು ಹತ್ತಿದರಂತೆ ಎಂದು ಯಾರೋ ಹೇಳಿದರು. ಯಾವ ಊರಿಗೆಂದು ಕೇಳಿದರೆ ಯಾರಿಗೂ ಗೊತ್ತಿಲ್ಲ.

ವಾಚು ಬಂತು. ಮೊದಲ ಮಳೆ ಬೀಳುವುದಕ್ಕೂ ಮೊದಲೇ ಬಂತು. ರಟ್ಟೀಹಳ್ಳಿಯಿಂದ ಕಾಕಾನ ಮಾವನ ಮನೆಯ ಆಳು ಕರವಸ್ತ್ರದಲ್ಲಿ ಸುತ್ತಿಕೊಂಡು ತಂದ. "ಮಂಚದ ಸಂದ್ಯಾಗ ಬಿದ್ದಿತ್ತಂತ್ರಿ. ಸುಣ್ಣಾ ಹಚ್ಚೂ ಮುಂದ ಸಿಕ್ತು" ಎಂದ. ಕಾಕಾ ಅದನ್ನು ತಿರುಗಿಸಿ ನೋಡಿ, ಕಿವಿಗೆ ಹಿಡಿದು, ಕೀಲಿ ಕೊಟ್ಟು ಬಕ್ಕಣಕ್ಕೆ ಇಳಿಸಿದ. ಅಜ್ಜಿ "ಸಿಕ್ತಲ್ಲ, ಛಲೋ ಆತು ಬಿಡು" ಎಂದಳು. ಅವ್ವ ಬಿಸಿ ರೊಟ್ಟಿ ಬಡಿಸಿದಳು. ಬದನೆಕಾಯಿ ಎಣ್ಣೆಗಾಯಿ ಮಾಡಿದ್ದರು. ಎಲ್ಲರೂ ಉಂಡರು. ಯಾರಾದರೂ ಆ ತಾಯಿ-ಮಗಳ ಹೆಸರೆತ್ತುತ್ತಾರೆಂದು ನಾನು ಕಾದೆ. ಕೈ ತೊಳೆಯುವ ತನಕ ಕಾದೆ. ಮಜ್ಜಿಗೆಗೆ ಉಪ್ಪು ಹೆಚ್ಚಾಗಿದೆ ಎಂಬ ಮಾತು ಬಂತು.

ಆ ತಿಂಗಳ ಅಮಾವಾಸ್ಯೆಗೆ ಮನೆಗೆ ನೆಂಟರು ಬಂದಿದ್ದರು. ಪಂಕ್ತಿಯಲ್ಲಿ ಕಾಕಾ ನಡುವೆ ಕೂತಿದ್ದ. ನಾನು ಹೋಳಿಗೆಗೆ ತುಪ್ಪ ಬಡಿಸುತ್ತ ಬಂದೆ. ಎಡಗೈಯಲ್ಲಿ ತುಪ್ಪದ ಬಟ್ಟಲು ಹಿಡಿದು, ಬಾಗಿ, ಬಲಗೈಯ ಎರಡು ಬೆರಳು ಅವನ ಬಕ್ಕಣಕ್ಕೆ ಇಳಿಸಿದೆ. ಉಸಿರು ಹಿಡಿದಿದ್ದೆ. ಅವನು ನೆಂಟರ ಜೊತೆ ಎಲೆಯ ಧಾರಣೆಯ ಮಾತಾಡುತ್ತಲೇ ಇದ್ದ. ಪಂಕ್ತಿಯ ತುದಿಗೆ ಹೋಗಿ ನಿಂತು ವಾಚು ಎತ್ತಿ ಹಿಡಿದೆ.

"ಕಾಕಾ, ಇದನ್ನ ನಾ ತಗೊಂಡೇನಿ. ಈಗ ನನಗ ಹೊಡೀರಿ."

ಕಾಕಾ ಬಕ್ಕಣ ಮುಟ್ಟಿ ನೋಡಿಕೊಂಡ. ಆಮೇಲೆ ನಕ್ಕ. ಅವನು ನಕ್ಕದ್ದೇ ಎಲ್ಲರೂ ನಕ್ಕರು. "ಮಾಸ್ತರ ಮಗಳು ಭಾಳ ಚುರುಕ ಅದಾಳ" ಎಂದರು ಒಬ್ಬ ಹಿರಿಯರು. "ಮುಂದ ದೊಡ್ಡ ಆಫೀಸರ ಆಗ್ತಾಳ ನೋಡ್ರಿ." ಅಜ್ಜಿ ಕರೆದು ಕೈಗೊಂದು ಹೋಳಿಗೆ ಕೊಟ್ಟಳು.

ನಾಗಿಯ ಅಂಗೈ ಒಡೆಸಿದ ಕೆಲಸಕ್ಕೆ ನನಗೆ ಹೋಳಿಗೆ. ಅವಳು ಮಾಡದೆ ಇದ್ದದ್ದಕ್ಕೆ ಕೋಲು, ನಾನು ಎಲ್ಲರ ಕಣ್ಣೆದುರು ಮಾಡಿದ್ದಕ್ಕೆ ತುಪ್ಪ. ಆ ವಯಸ್ಸಿನಲ್ಲಿ ನನಗೆ ಅದನ್ನು ಹೀಗೆ ಹೇಳಲು ಬರುತ್ತಿರಲಿಲ್ಲ. ವಾಚನ್ನು ಅಂಗಳದ ಹಾಸುಗಲ್ಲಿಗೆ ಎತ್ತಿ ಒಗೆದೆ. ಗಾಜು ಚೂರಾಯಿತು.

ಆಗ ಪೆಟ್ಟು ಬಿತ್ತು. ಅಪ್ಪನೇ ಎದ್ದು ಬಂದು ಕಪಾಳಕ್ಕೆ ಬಿಗಿದ. ಅದು ಕದ್ದದ್ದಕ್ಕಲ್ಲ, ಒಡೆದದ್ದಕ್ಕೆ.

ಇದೆಲ್ಲ ಆಗಿ ಎಷ್ಟೋ ಕಾಲವಾಯಿತು. ಕಾಕಾ ತೀರಿಕೊಂಡ, ಊರು ತುಂಬ ಅವನ ಗುಣಗಾನವಾಯಿತು. ಚಾಚಾ ಬಂಕಾಪುರದಲ್ಲಿ ತಂಗಿಯ ಮನೆಯ ಮೂಲೆಯಲ್ಲಿ ಮಶೀನು ಇಟ್ಟುಕೊಂಡಿದ್ದನೆಂದೂ, ಮಕ್ಕಳು ಹತ್ತಿರ ಬಂದರೆ ಗದರಿಸಿ ಕಳಿಸುತ್ತಿದ್ದನೆಂದೂ ಕೇಳಿದೆ. ನಾನು ಹೋಗುವ ಹೊತ್ತಿಗೆ ಅವನಿರಲಿಲ್ಲ.

ಹೋದ ವರ್ಷ ಹಾನಗಲ್ಲಿನಲ್ಲಿ ಮದುವೆಗೆಂದು ಹೋದಾಗ ಬಟ್ಟೆ ಅಂಗಡಿಯೊಂದರಲ್ಲಿ ಒಬ್ಬ ಹೆಂಗಸು ನನ್ನನ್ನೇ ನೋಡುತ್ತಿದ್ದಳು. ಜೊತೆಗೆ ಕಾಲೇಜಿಗೆ ಹೋಗುವ ವಯಸ್ಸಿನ ಮಗಳು. "ಗಿರಿಜಾ ಅಲ್ಲನ್ರಿ?" ಎಂದಳು. ಒಂದೇ ಮಣೆಯ ಮೇಲೆ ಕೂತವಳು ನನಗೆ 'ರಿ' ಹಚ್ಚಿದಾಗ ಗುರುತು ಹತ್ತಿತು. ನಾನು ಅವಳ ಕೈ ಹಿಡಿಯಲು ಹೋದೆ. ಅವಳ ಕೈ ಬೆನ್ನ ಹಿಂದೆ ಇದ್ದವು.

ಶಿಗ್ಗಾಂವಿಯಲ್ಲಿ ಸಣ್ಣ ಖಾನಾವಳಿ ಇಟ್ಟಿದ್ದಾಳಂತೆ. ಯಲ್ಲವ್ವ ಹೋಗಿ ಎಷ್ಟೋ ವರ್ಷವಾಯಿತಂತೆ. ನಾನು ವಾಚು ಸಿಕ್ಕದ್ದು, ಒಡೆದದ್ದು, ಕಪಾಳಕ್ಕೆ ತಿಂದದ್ದು ಎಲ್ಲ ಒಂದೇ ಉಸಿರಿಗೆ ಹೇಳಿದೆ. ಇವತ್ತಿಗೂ ಸಿಟ್ಟು ಇಳಿದಿಲ್ಲ ನಾಗಿ, ಎಂದೆ. ಅವಳು ಸಮಾಧಾನವಾಗಿ ಕೇಳಿಸಿಕೊಂಡಳು.

"ನಿಮಗ ಸಿಟ್ಟು ಬಂತು, ಖರೆ. ನಮಗ ಊರು ಹೋತು. ನನ್ನ ಸಾಲಿ ಹೋತು" ಎಂದಳು. "ಅವ್ವ ಸಾಯೂ ತನಕ ಒಂದ ಮಾತು ಹೇಳ್ತಿದ್ಲು. ಅಂಗಡ್ಯಾಗ, ಮಂದಿ ಮನ್ಯಾಗ ಕೈ ಹಿಂದ ಕಟ್ಕೊಂಡ ನಿಂದ್ರು, ಎಲ್ಲಾರಿಗೂ ಕಾಣಂಗ. ಅದು ರೂಢಿ ಆಗಿಬಿಟ್ಟೈತ್ರಿ."

ಸವಣೂರಿಗೆ ಬಾ, ಮನೆಗೆ ಬಾ ಎನ್ನಲು ಬಾಯಿ ತೆರೆದೆ. ಯಾವ ಮನೆಗೆ ಎಂದು ಕರೆಯಲಿ? ಕಳೆದದ್ದನ್ನು ಲೆಕ್ಕ ಹಾಕುವ ಹಕ್ಕು ನನಗಿಲ್ಲ. ಕಳೆದುಕೊಂಡವಳು ಎದುರಿಗೆ ನಿಂತಿದ್ದಳು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಆ ಹುಡುಗಿ ಈ ಮುಖದಲ್ಲಿ ಎಲ್ಲಾದರೂ ಇದ್ದಾಳೇನೋ ಎಂದು ಹುಡುಕಿದೆ. ನನಗೆ ಸಿಗಲಿಲ್ಲ.

ಅಂಗಡಿಯವನು ಸೀರೆಗಳನ್ನು ಒಂದರ ಮೇಲೊಂದು ಬಿಚ್ಚಿ ಹಾಸುತ್ತಿದ್ದ. "ಮುಟ್ಟಿ ನೋಡ್ರಿ ಅಕ್ಕಾರ, ಮುಟ್ಟಿದ್ರ ಏನಾಗೂದುಲ್ಲ" ಎಂದು ನಾಗಿಯ ಮಗಳಿಗೆ ಹೇಳಿದ. ಆ ಹುಡುಗಿ ಒಂದು ಹಸಿರು ಸೀರೆಯನ್ನು ಕಣ್ಣು ತುಂಬ ನೋಡುತ್ತಿದ್ದಳು. ಮುಟ್ಟಲಿಲ್ಲ. ಅವಳೂ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು.

"ಅಕಿಗೆ ನಾ ಏನೂ ಹೇಳಿಲ್ರಿ" ಎಂದಳು ನಾಗಿ. "ನನ್ನ ನೋಡಿ ಕಲ್ತಾಳ."